ರಾಡನ್ ಹ್ಯೂಮ್ ಮಿಡಲ್‌ಟನ್

ರಾಡನ್ ಹ್ಯೂಮ್ ಮಿಡಲ್‌ಟನ್ (1916-1942): ಎರಡನೆಯ ಮಹಾಯುದ್ಧದಲ್ಲಿ ಪ್ರಾಣತೆತ್ತ ಆಸ್ಟ್ರೇಲಿಯದ ಬಾಂಬರ್ ವಿಮಾನ ಚಾಲಕ. ಆಪ್ತರಿಗೆ ರಾನ್. ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ ಕುರಿ ಸಾಕಣೆಯ ಜಮೀನಿನಲ್ಲಿ ದುಡಿಯುತ್ತಿದ್ದ ಈತ 1940ರಲ್ಲಿ ರಾಯಲ್ ಆಸ್ಟ್ರೇಲಿಯನ್ ಏರ್ ಫೋರ್ಸ್ ಸೇರಿದ. 1942ರ ನವೆಂಬರ್ 28ರ ರಾತ್ರಿ ಇಟಲಿಯ ಟ್ಯುರಿನ್ ನಗರದ ಮೇಲಿನ ದಾಳಿಯಲ್ಲಿ ಒಂದು ಕಣ್ಣು ಕಳೆದುಕೊಂಡ ಮೇಲೂ, ನುಚ್ಚುನೂರಾದ ವಿಮಾನವನ್ನು ಆಲ್ಪ್ಸ್ ದಾಟಿಸಿ ಇಂಗ್ಲೆಂಡಿನ ಕರಾವಳಿಗೆ ತಂದು, ಜೊತೆಗಾರರಲ್ಲಿ ಐವರ ಜೀವ ಉಳಿಸಿದ. ತಾನು ಸಮುದ್ರದಲ್ಲಿ ಮಡಿದ. ಆಗ ಈತನಿಗೆ 26 ವರ್ಷ. ಈ ಸಾಹಸಕ್ಕೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು. ಎರಡನೆಯ ಮಹಾಯುದ್ಧದಲ್ಲಿ ಈ ಪದಕ ಪಡೆದ ಆಸ್ಟ್ರೇಲಿಯನ್ ವಾಯುಪಡೆಯ ಮೊದಲ ಯೋಧ ಈತ.

ಮನೆತನ ಮತ್ತು ಬಾಲ್ಯ

ಮಿಡಲ್‌ಟನ್ ಹುಟ್ಟಿದ್ದು 1916ರ ಜುಲೈ 22ರಂದು, ಸಿಡ್ನಿಯ ವೇವರ್ಲಿ ಬಡಾವಣೆಯಲ್ಲಿ. ಆದರೆ ಬೆಳೆದದ್ದು ಪಟ್ಟಣದಿಂದ ಬಹುದೂರದ ಬಯಲುಸೀಮೆಯಲ್ಲಿ. ಡಬ್ಬೋ ಎಂಬ ಊರಿನ ಹೈಸ್ಕೂಲಿನಲ್ಲಿ ಓದಿದ. ಓದಿಗಿಂತ ಆಟದ ಮೈದಾನದಲ್ಲಿ ಹೆಚ್ಚು ಹೆಸರು ಮಾಡಿದ.

ಹೆಸರಿನ ನಡುವೆ ಇರುವ 'ಹ್ಯೂಮ್' ಆಸ್ಟ್ರೇಲಿಯದ ಇತಿಹಾಸದಲ್ಲಿ ಪ್ರಸಿದ್ಧವಾದ ಮನೆತನದ ಗುರುತು. ಭೂಶೋಧಕ ಹ್ಯಾಮಿಲ್ಟನ್ ಹ್ಯೂಮ್ (1797-1873) ಈತನಿಗೆ ಹಿರಿಯಜ್ಜ ಆಗಬೇಕು. ಆಸ್ಟ್ರೇಲಿಯದಲ್ಲೇ ಹುಟ್ಟಿದ ಆತ 1824-25ರಲ್ಲಿ ವಿಲಿಯಂ ಹೋವೆಲ್ ಜೊತೆ ನ್ಯೂ ಸೌತ್ ವೇಲ್ಸ್‌ನಿಂದ ದಕ್ಷಿಣ ಕರಾವಳಿಯ ಪೋರ್ಟ್ ಫಿಲಿಪ್ ಕೊಲ್ಲಿಯವರೆಗೆ ಭೂಮಾರ್ಗದಲ್ಲಿ ಸಾಗಿ ದಾರಿ ಕಂಡುಹಿಡಿದ. ಇಂದು ಸಿಡ್ನಿಯನ್ನೂ ಮೆಲ್ಬರ್ನನ್ನೂ ಜೋಡಿಸುವ ಹೆದ್ದಾರಿಗೆ ಆತನದೇ ಹೆಸರು.

ಕುರಿಗಳ ನಡುವಿನ ದುಡಿಮೆ

ಶಾಲೆ ಮುಗಿಸಿದ ಮಿಡಲ್‌ಟನ್ 'ಜಾಕರೂ' ಆಗಿ ಕೆಲಸಕ್ಕೆ ನಿಂತ. ಸಾವಿರಾರು ಎಕರೆ ಹರಡಿಕೊಂಡ ಕುರಿ ಅಥವಾ ದನ ಸಾಕಣೆಯ ಜಮೀನನ್ನು ಆಸ್ಟ್ರೇಲಿಯದಲ್ಲಿ ಸ್ಟೇಷನ್ ಎನ್ನುತ್ತಾರೆ. ಅಲ್ಲಿ ಎಲ್ಲ ಕೆಲಸವನ್ನೂ ಕೈಯಾರೆ ಮಾಡುತ್ತ ಕಲಿತು, ಮುಂದೆ ಮೇಸ್ತ್ರಿಯೋ ಮ್ಯಾನೇಜರೋ ಆಗಲು ತಯಾರಾಗುವ ಯುವಕನೇ ಜಾಕರೂ. ಕುದುರೆ ಮೇಲೆ ಕೂತು ಮಂದೆಯನ್ನು ಒಟ್ಟುಗೂಡಿಸುವುದು, ಮೈಲುಗಟ್ಟಲೆ ಬೇಲಿಯನ್ನು ನೋಡಿಕೊಂಡು ಮುರಿದಲ್ಲಿ ಕಟ್ಟುವುದು, ನೀರಿನ ತೊಟ್ಟಿಗಳು ಬತ್ತದಂತೆ ಕಾಯುವುದು, ಉಣ್ಣೆ ಕತ್ತರಿಸುವ ಕಾಲದಲ್ಲಿ ಹಿಂಡುಗಳನ್ನು ಕೊಟ್ಟಿಗೆಗೆ ಹೊಡೆದು ತರುವುದು, ರೋಗದ ಕುರಿಗೆ ಮದ್ದು ಕುಡಿಸುವುದು ಇವೆಲ್ಲ ಆತನ ದಿನಚರಿ. ಹತ್ತಿರದಲ್ಲಿ ಕೇಳುವವರಿಲ್ಲದ ಕಡೆ ತಾನೇ ನಿರ್ಧಾರ ತೆಗೆದುಕೊಳ್ಳಬೇಕಾದ ಬದುಕು ಅದು.

1930ರ ದಶಕ ಆಸ್ಟ್ರೇಲಿಯದ ಬೇಸಾಯಗಾರರಿಗೆ ಕಷ್ಟದ ಕಾಲ. ಜಗತ್ತಿನಾದ್ಯಂತ ಆರ್ಥಿಕ ಕುಸಿತದಿಂದ ಉಣ್ಣೆ, ಗೋಧಿಗಳ ಬೆಲೆ ಬಿದ್ದಿತ್ತು.  1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜೊತೆಗೆ ಆಸ್ಟ್ರೇಲಿಯವೂ ಯುದ್ಧಕ್ಕಿಳಿದಾಗ ಮಿಡಲ್‌ಟನ್‌ನಂಥ ಸಾವಿರಾರು ಹಳ್ಳಿಯ ಯುವಕರ ಬದುಕಿನ ದಿಕ್ಕು ಬದಲಾಯಿತು.

ವಾಯುಪಡೆಯ ತರಬೇತಿ

1939ರ ಡಿಸೆಂಬರ್ 17ರಂದು ಕೆನಡಾದ ಆಟವಾದಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಶತ್ರು ವಿಮಾನಗಳ ಕಾಟವಿಲ್ಲದ ದೂರದ ದೇಶಗಳಲ್ಲಿ ವೈಮಾನಿಕರಿಗೆ ತರಬೇತಿ ಕೊಟ್ಟು ಯುರೋಪಿಗೆ ಕಳುಹಿಸುವುದು ಅದರ ಗುರಿ. ಆಸ್ಟ್ರೇಲಿಯದಲ್ಲಿ ಇದನ್ನು ಎಂಪೈರ್ ಏರ್ ಟ್ರೇನಿಂಗ್ ಸ್ಕೀಮ್ ಎಂದು ಕರೆದರು. ಈ ಯೋಜನೆಯಡಿ 37,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ ವೈಮಾನಿಕರು ತಯಾರಾದರು. ಇವರಲ್ಲಿ ಬಹುಪಾಲು ಜನ ಯುದ್ಧಕ್ಕೆ ಮೊದಲು ವಿಮಾನದ ಹತ್ತಿರವೂ ಹೋದವರಲ್ಲ. ರೈತರು, ಗುಮಾಸ್ತರು, ಮೇಷ್ಟರುಗಳು, ಅಂಗಡಿಯ ಹುಡುಗರು ಒಂದೇ ಸಾಲಿನಲ್ಲಿ ನಿಂತು ವಿಮಾನ ಹಾರಿಸುವುದನ್ನೂ ದಾರಿ ಲೆಕ್ಕ ಹಾಕುವುದನ್ನೂ ವೈರ್‌ಲೆಸ್ ಕೆಲಸವನ್ನೂ ಮೆಷಿನ್‌ಗನ್ ಹಾರಿಸುವುದನ್ನೂ ಕಲಿತರು.

ಮಿಡಲ್‌ಟನ್ 1940ರ ಅಕ್ಟೋಬರ್ 14ರಂದು ಸೇರ್ಪಡೆಯಾದ. ಹಾರಾಟದ ಮೊದಲ ಪಾಠ ಕಲಿತದ್ದು ನ್ಯಾರೊಮೈನ್‌ನಲ್ಲಿ. ತಾನು ಓದಿದ ಡಬ್ಬೋಗೆ ಅದು ಹತ್ತಿರದ ಊರು. ಒಂದರ ಮೇಲೊಂದು ಜೋಡಿ ರೆಕ್ಕೆಯ ಟೈಗರ್ ಮಾತ್ ಎಂಬ ಪುಟ್ಟ ವಿಮಾನಗಳು ಅಲ್ಲಿನ ಶಾಲೆಯ ಹಾರುವ ಪಾಠಪುಸ್ತಕಗಳಾಗಿದ್ದವು. ಮುಂದಿನ ತರಬೇತಿಗಾಗಿ ಕೆನಡಾಕ್ಕೆ ಹೋಗಿ, 1941ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತಲುಪಿದ.

ಈ ಯೋಜನೆಯ ವೈಮಾನಿಕರು ತಮ್ಮ ದೇಶದ ಸಮವಸ್ತ್ರ ತೊಟ್ಟುಕೊಂಡೇ ಬ್ರಿಟಿಷ್ ವಾಯುಪಡೆಯ ತುಕಡಿಗಳಲ್ಲಿ ಹಂಚಿಹೋಗುತ್ತಿದ್ದರು. ಒಂದೇ ವಿಮಾನದಲ್ಲಿ ಆಸ್ಟ್ರೇಲಿಯದವನು ಚಾಲಕ, ಸ್ಕಾಟ್ಲೆಂಡಿನವನು ಗನ್ನರ್, ಇಂಗ್ಲೆಂಡಿನವನು ಎಂಜಿನಿಯರ್ ಆಗಿರುವುದು ಸಾಮಾನ್ಯವಾಗಿತ್ತು. ಮಿಡಲ್‌ಟನ್‌ನ ಮುಂದಿನ ಕಥೆ ಇಂಥ ಬೆರಕೆ ತಂಡವೊಂದರ ಕಥೆ.

149ನೇ ಸ್ಕ್ವಾಡ್ರನ್ ಮತ್ತು ಸ್ಟರ್ಲಿಂಗ್

1942ರ ಆರಂಭದಲ್ಲಿ ಮಿಡಲ್‌ಟನ್‌ನನ್ನು ಬ್ರಿಟಿಷ್ ಬಾಂಬರ್ ಕಮಾಂಡಿನ 149ನೇ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು. ಆ ವರ್ಷದ ಏಪ್ರಿಲ್‌ನಿಂದ ಅದರ ನೆಲೆ ಪೂರ್ವ ಇಂಗ್ಲೆಂಡಿನ ಸಫೋಕ್ ಜಿಲ್ಲೆಯ ಲೇಕನ್‌ಹೀತ್. ಮೊದಲು ಎರಡನೆಯ ಚಾಲಕನಾಗಿ ಅನುಭವ ಪಡೆದು, ಜುಲೈ ಹೊತ್ತಿಗೆ ತನ್ನದೇ ತಂಡದ ನಾಯಕನಾದ. ಬಾಂಬರ್ ತಂಡದಲ್ಲಿ ವಿಮಾನದ ನಾಯಕ ಸಾರ್ಜೆಂಟ್ ದರ್ಜೆಯವನೇ ಆಗಿದ್ದರೂ ಹಾರಾಟದಲ್ಲಿ ಅವನ ಮಾತೇ ಕೊನೆ. ತಂಡದಲ್ಲಿ ಅವನಿಗಿಂತ ಮೇಲಿನ ಅಧಿಕಾರಿ ಇದ್ದರೂ ಈ ನಿಯಮ ಬದಲಾಗುತ್ತಿರಲಿಲ್ಲ.

ತಂಡ ಹಾರಿಸುತ್ತಿದ್ದದ್ದು ಶಾರ್ಟ್ ಕಂಪನಿಯ ಸ್ಟರ್ಲಿಂಗ್ ವಿಮಾನ. ನಾಲ್ಕು ಎಂಜಿನ್‌ಗಳ ಭಾರೀ ಬಾಂಬರ್‌ಗಳ ಪೈಕಿ ಬ್ರಿಟಿಷ್ ವಾಯುಪಡೆ ಈ ಯುದ್ಧದಲ್ಲಿ ಮೊದಲು ಬಳಕೆಗೆ ತಂದದ್ದು ಇದನ್ನೇ. 1941ರ ಫೆಬ್ರುವರಿಯಲ್ಲಿ ಇದರ ದಾಳಿಗಳು ಶುರುವಾದವು. ಆಕಾರದಲ್ಲಿ ದೈತ್ಯ. ಕೆಳಮಟ್ಟದಲ್ಲಿ ಚುರುಕಾಗಿ ತಿರುಗಬಲ್ಲದು. ಆದರೆ ಮೈಗೆ ತಕ್ಕಷ್ಟು ಉದ್ದವಿಲ್ಲದ ರೆಕ್ಕೆಗಳಿಂದಾಗಿ ಎತ್ತರಕ್ಕೆ ಏರಲಾರದು. ರೆಕ್ಕೆಯ ಅಗಲ 30 ಮೀಟರಿಗೆ ತುಸು ಹೆಚ್ಚು. ತುಂಬಿದ ಹೊರೆಯಲ್ಲಿ ಲ್ಯಾಂಕಾಸ್ಟರ್ ವಿಮಾನಗಳು ಮೇಲೆ ಸಾಗುತ್ತಿದ್ದರೆ ಸ್ಟರ್ಲಿಂಗ್‌ಗಳು ಸಾವಿರಾರು ಅಡಿ ಕೆಳಗೆ, ವಿಮಾನವಿರೋಧಿ ಫಿರಂಗಿಗಳಿಗೆ ಹೆಚ್ಚು ಸುಲಭದ ಗುರಿಯಾಗಿ ಸಾಗಬೇಕಾಗುತ್ತಿತ್ತು. ಈ ಕಾರಣದಿಂದಲೇ 1943ರ ಕೊನೆಗೆ ಜರ್ಮನಿಯ ಮೇಲಿನ ದಾಳಿಗಳಿಂದ ಇವನ್ನು ಹಿಂತೆಗೆಯಲಾಯಿತು. ಮಿಡಲ್‌ಟನ್‌ನ ಕೊನೆಯ ಹಾರಾಟದ ಕಷ್ಟಗಳ ಬೇರು ಈ ಎತ್ತರದ ಮಿತಿಯಲ್ಲಿದೆ.

ಬಾಂಬರ್ ವೈಮಾನಿಕರಿಗೆ 30 ದಾಳಿಗಳು ಮುಗಿದರೆ ಒಂದು 'ಟೂರ್' ಮುಗಿದಂತೆ. ಆಮೇಲೆ ಸ್ವಲ್ಪ ಕಾಲ ತರಬೇತಿ ಕೊಡುವಂಥ ಕೆಲಸಕ್ಕೆ ಬಿಡುಗಡೆ. ಈ 30ನ್ನು ತಲುಪುವುದು ಎಷ್ಟು ಕಷ್ಟವೆಂಬುದನ್ನು ಇಡೀ ಯುದ್ಧದ ಲೆಕ್ಕವೇ ಹೇಳುತ್ತದೆ. ಬಾಂಬರ್ ಕಮಾಂಡಿನಲ್ಲಿ ಸೇವೆ ಸಲ್ಲಿಸಿದ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತರು. ಅಲ್ಲಿ ದುಡಿದ ಆಸ್ಟ್ರೇಲಿಯನ್ನರು ಸುಮಾರು 10,000. ಅವರಲ್ಲಿ ಸತ್ತವರು ಸುಮಾರು 3,500. ಯುದ್ಧಕ್ಕೆ ಹೋದ ಒಟ್ಟು ಆಸ್ಟ್ರೇಲಿಯನ್ನರಲ್ಲಿ ಇವರ ಪಾಲು ಬಹಳ ಸಣ್ಣದು. ಆದರೆ ಹೋರಾಟದಲ್ಲಿ ಆ ದೇಶ ಕಳೆದುಕೊಂಡವರಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಇವರದೇ.

1942ರ ನವೆಂಬರ್ 28ರ ಹಾರಾಟ ಮಿಡಲ್‌ಟನ್‌ಗೆ 29ನೆಯದು.

ಟ್ಯುರಿನ್ ದಾಳಿಯ ಹಿನ್ನೆಲೆ

1942ರ ಅಕ್ಟೋಬರ್ ಕೊನೆಯಲ್ಲಿ ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ಬ್ರಿಟಿಷ್ ಸೇನೆಯ ದಾಳಿ ಆರಂಭವಾಯಿತು. ನವೆಂಬರ್ 8ರಂದು ಮಿತ್ರ ಸೇನೆಗಳು ಮೊರಾಕೊ ಮತ್ತು ಅಲ್ಜೀರಿಯಗಳಲ್ಲಿ ಇಳಿದವು. ಉತ್ತರ ಆಫ್ರಿಕದ ಈ ಕಾಳಗಗಳಿಗೆ ಬೆಂಬಲವಾಗಿ ಬಾಂಬರ್ ಕಮಾಂಡ್ ಉತ್ತರ ಇಟಲಿಯ ಕೈಗಾರಿಕಾ ನಗರಗಳಾದ ಜಿನೋವ, ಮಿಲಾನ್, ಟ್ಯುರಿನ್‌ಗಳ ಮೇಲೆ ಸರಣಿ ದಾಳಿ ನಡೆಸಿತು. ಟ್ಯುರಿನ್ 1899ರಲ್ಲಿ ಸ್ಥಾಪನೆಯಾದ ಫಿಯೆಟ್ ಕಂಪನಿಯ ತವರು. ಕಾರುಗಳ ಜೊತೆಗೆ ವಿಮಾನಗಳೂ ಅವುಗಳ ಎಂಜಿನ್‌ಗಳೂ ಅಲ್ಲಿ ತಯಾರಾಗುತ್ತಿದ್ದವು.

ನವೆಂಬರ್ 28ರ ರಾತ್ರಿ ಟ್ಯುರಿನ್‌ಗೆ ಹೊರಟ ವಿಮಾನಗಳು 228. ಅವುಗಳಲ್ಲಿ ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್, ವೆಲ್ಲಿಂಗ್ಟನ್‌ಗಳ ಜೊತೆಗೆ 47 ಸ್ಟರ್ಲಿಂಗ್‌ಗಳಿದ್ದವು. ಲೇಕನ್‌ಹೀತ್‌ನಿಂದ ಟ್ಯುರಿನ್‌ಗೆ ಹೋಗಿ ಬರಲು ಸುಮಾರು 2,000 ಕಿಲೋಮೀಟರ್. ನಡುವೆ ಶತ್ರುವಿನ ಹಿಡಿತದಲ್ಲಿದ್ದ ಫ್ರಾನ್ಸ್, ಅದರಾಚೆ ಆಲ್ಪ್ಸ್ ಪರ್ವತಶ್ರೇಣಿ.

ದಾಳಿಯ ರಾತ್ರಿ

ಮಿಡಲ್‌ಟನ್ ನಾಯಕತ್ವದ ಸ್ಟರ್ಲಿಂಗ್‌ನ ಸಂಖ್ಯೆ ಬಿಎಫ್372. ಒಳಗಿದ್ದವರು ಎಂಟು ಜನ: ಇಬ್ಬರು ಚಾಲಕರು, ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಫ್ಲೈಟ್ ಎಂಜಿನಿಯರ್ ಮತ್ತು ಮೂವರು ಗನ್ನರ್‌ಗಳು. ಎರಡನೆಯ ಚಾಲಕ ಫ್ಲೈಟ್ ಸಾರ್ಜೆಂಟ್ ಹೈಡರ್.

ಆಲ್ಪ್ಸ್ ದಾಟಲು ವಿಮಾನವನ್ನು 12,000 ಅಡಿಗೆ ಏರಿಸುವುದೇ ಹರಸಾಹಸವಾಯಿತು. ಅದಕ್ಕಾಗಿ ಇಂಧನ ಲೆಕ್ಕಕ್ಕಿಂತ ಹೆಚ್ಚು ಉರಿಯಿತು. ಬೆಟ್ಟಗಳ ತುದಿಗಳು ಕಾಣಿಸದಷ್ಟು ಕಗ್ಗತ್ತಲು. ಮುಂದೆ ಹೋದರೆ ಮರಳಿ ಬರಲು ಇಂಧನ ಸಾಕಾಗುವುದೇ ಕಷ್ಟ ಎನ್ನುವಂತಾಗಿತ್ತು. ವಾಪಸು ಹೋಗುವುದೋ ಮುಂದುವರಿಯುವುದೋ ಎಂದು ನಿರ್ಧರಿಸಬೇಕಾದ ಹೊತ್ತಿನಲ್ಲಿ ದೂರದಲ್ಲಿ ಗುರಿಯ ಮೇಲೆ ಬಿಟ್ಟಿದ್ದ ಬೆಳಕಿನ ಬಾಣಗಳು ಕಂಡವು. ಮಿಡಲ್‌ಟನ್ ಮುಂದುವರಿದ.

ಗುರಿಯನ್ನು ಖಚಿತಪಡಿಸಿಕೊಳ್ಳಲು 2,000 ಅಡಿಗೆ ಇಳಿದ. ಅಷ್ಟು ಇಳಿದರೆ ಮತ್ತೆ ಮೇಲೇರುವುದು ಎಷ್ಟು ಕಷ್ಟವೆಂಬುದು ಅವನಿಗೆ ಗೊತ್ತಿತ್ತು. ನಗರದ ಮೇಲೆ ಮೂರು ಬಾರಿ ಹಾದ ಮೇಲೆ ಗುರಿ ಸಿಕ್ಕಿತು. ಅಷ್ಟರಲ್ಲಿ ಕೆಳಗಿನ ಫಿರಂಗಿಗಳು ವಿಮಾನವನ್ನು ಹಿಡಿದಿದ್ದವು. ಎಡ ರೆಕ್ಕೆಯಲ್ಲಿ ದೊಡ್ಡ ತೂತಾಗಿ ವಿಮಾನವನ್ನು ಸಮತೋಲದಲ್ಲಿ ಇಡುವುದು ಕಷ್ಟವಾಯಿತು. ಇನ್ನೊಂದು ಗುಂಡು ಚಾಲಕರ ಕೋಣೆಯಲ್ಲೇ ಸಿಡಿಯಿತು. ಮುಂಗಾಜು ಪುಡಿಯಾಯಿತು. ಸಿಡಿದ ಚೂರೊಂದು ಮಿಡಲ್‌ಟನ್‌ನ ಮುಖವನ್ನು ಸೀಳಿ ಬಲಗಣ್ಣನ್ನು ಕಿತ್ತುಹಾಕಿತು. ಕಣ್ಣಿನ ಮೇಲಿನ ಮೂಳೆ ಹೊರಗೆ ಕಾಣುತ್ತಿತ್ತು. ಮೈಗೋ ಕಾಲಿಗೋ ಗಾಯಗಳಾಗಿದ್ದಿರಬೇಕು. ಹೈಡರ್‌ನ ತಲೆಗೂ ಎರಡು ಕಾಲುಗಳಿಗೂ ಪೆಟ್ಟಾಯಿತು. ವೈರ್‌ಲೆಸ್ ಆಪರೇಟರನ ಕಾಲಿಗೂ ಗಾಯವಾಯಿತು.

ಮಿಡಲ್‌ಟನ್ ಎಚ್ಚರ ತಪ್ಪಿದ. ವಿಮಾನ ಕೆಳಕ್ಕೆ ಧುಮುಕಿ 800 ಅಡಿಗೆ ಬಂದಾಗ ಹೈಡರ್ ಅದನ್ನು ಹಿಡಿತಕ್ಕೆ ತಂದು, 1,500 ಅಡಿಗೆ ಏರಿಸಿ, ಬಾಂಬುಗಳನ್ನು ಕೆಡವಿದ. ಗುಂಡಿನ ಸುರಿಮಳೆ ನಿಲ್ಲಲಿಲ್ಲ. ಹಿಂಬದಿಯ ಗನ್ ಗೋಪುರ ಕೆಡುವವರೆಗೂ ಮೂವರು ಗನ್ನರ್‌ಗಳು ಎದುರು ಗುಂಡು ಹಾರಿಸುತ್ತಲೇ ಇದ್ದರು.

ಮರಳುವ ಹಾದಿ

ಎಚ್ಚರಗೊಂಡ ಮಿಡಲ್‌ಟನ್ ಗುರಿಯ ಪ್ರದೇಶ ದಾಟುತ್ತಲೇ ಮತ್ತೆ ಹಿಡಿತ ತೆಗೆದುಕೊಂಡು, ಹೈಡರ್‌ನನ್ನು ಚಿಕಿತ್ಸೆಗೆ ಹಿಂದಕ್ಕೆ ಕಳುಹಿಸಿದ. ನಾಯಕನಿಗೆ ಸರಿಯಾಗಿ ಕಾಣಿಸುತ್ತಿಲ್ಲ, ಮಾತಾಡಿದರೆ ರಕ್ತ ಸುರಿಯುತ್ತದೆ ಎಂಬುದನ್ನು ಕಂಡ ಹೈಡರ್ ಪಟ್ಟಿ ಕಟ್ಟಿ ಮುಗಿಯುವ ಮೊದಲೇ ತನ್ನ ಜಾಗಕ್ಕೆ ಹಿಂದಿರುಗಿದ.

ಮುಂದೇನು ಎಂಬ ಬಗ್ಗೆ ತಂಡದಲ್ಲಿ ಮಾತು ನಡೆಯಿತು. ವಿಮಾನವನ್ನು ಬಿಟ್ಟು ಹಾರಿಬಿಡಬಹುದಿತ್ತು. ಉತ್ತರ ಫ್ರಾನ್ಸಿನಲ್ಲಿ ಇಳಿಸಬಹುದಿತ್ತು. ಎರಡರಲ್ಲೂ ಸೆರೆಯಾಗುವ ಸಾಧ್ಯತೆಯೇ ಹೆಚ್ಚು. ಆದರೆ ಗಾಯಗೊಂಡ ನಾಯಕನಿಗೆ ಆಸ್ಪತ್ರೆ ಸಿಗುವ ಅವಕಾಶವೂ ಅದರಲ್ಲಿತ್ತು. ಮಿಡಲ್‌ಟನ್ ಇಂಗ್ಲೆಂಡಿನ ತೀರವನ್ನೇ ಆರಿಸಿಕೊಂಡ. ಅಲ್ಲಿಯವರೆಗೆ ಒಯ್ದರೆ ಜೊತೆಗಾರರು ತಮ್ಮ ನೆಲದ ಮೇಲೆ ಪ್ಯಾರಾಚೂಟಿನಲ್ಲಿ ಇಳಿಯಬಹುದು. ಅಷ್ಟು ಹೊತ್ತಿಗೆ ತಾನು ಬದುಕುಳಿಯುವ ಆಸೆ ಬಹುತೇಕ ಇರುವುದಿಲ್ಲ ಎಂಬುದನ್ನು ಅರಿತೇ ಈ ನಿರ್ಧಾರ ಮಾಡಿದ ಎಂದು ಪದಕದ ಅಧಿಕೃತ ವಿವರಣೆ ದಾಖಲಿಸಿದೆ.

ಒಡೆದ ಗಾಜಿನಿಂದ ನುಗ್ಗುವ ಚಳಿಗಾಳಿಗೆ ಮುಖವೊಡ್ಡಿ, ಒಂದೇ ಕಣ್ಣಿನಲ್ಲಿ, ತೂತುಬಿದ್ದ ರೆಕ್ಕೆಯ ವಿಮಾನದಲ್ಲಿ ಆಲ್ಪ್ಸ್ ದಾಟಿದ್ದಾಯಿತು. ನಾಲ್ಕು ಗಂಟೆಗಳ ಹಾರಾಟದ ಬಳಿಕ ಫ್ರಾನ್ಸಿನ ಕಡಲತೀರ ಬಂತು. ಆಗ ವಿಮಾನ 6,000 ಅಡಿ ಎತ್ತರದಲ್ಲಿತ್ತು. ಅಲ್ಲಿ ಮತ್ತೆ ಫಿರಂಗಿಗಳು ಗುಂಡು ಸುರಿಸಿದವು. ಉಳಿದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಮಿಡಲ್‌ಟನ್ ವಿಮಾನವನ್ನು ಅತ್ತಿತ್ತ ಹೊರಳಿಸಿ ತಪ್ಪಿಸಿದ.

ಇಂಗ್ಲಿಷ್ ಕಡಲ್ಗಾಲುವೆ ದಾಟಿ ಇಂಗ್ಲೆಂಡಿನ ತೀರ ತಲುಪಿದಾಗ ಉಳಿದಿದ್ದ ಇಂಧನ ಐದು ನಿಮಿಷಕ್ಕಷ್ಟೇ. ಎಲ್ಲರಿಗೂ ಹಾರಲು ಆಜ್ಞೆ ಕೊಟ್ಟು ತೀರದ ಗುಂಟ ವಿಮಾನ ಓಡಿಸಿದ. ಆಮೇಲೆ ಅದನ್ನು ಕಡಲಿನತ್ತ ತಿರುಗಿಸುವುದು ಅವನ ಯೋಜನೆ. ಹೈಡರ್ ಸೇರಿ ಐವರು ಸುರಕ್ಷಿತವಾಗಿ ನೆಲ ಮುಟ್ಟಿದರು. ಮುಂಬದಿಯ ಗನ್ನರ್ ಸಾರ್ಜೆಂಟ್ ಜಾನ್ ಮ್ಯಾಕಿ ಮತ್ತು ಫ್ಲೈಟ್ ಎಂಜಿನಿಯರ್ ಸಾರ್ಜೆಂಟ್ ಜೇಮ್ಸ್ ಜೆಫ್ರಿ ನಾಯಕನ ನೆರವಿಗೆ ಹಿಂದೆ ಉಳಿದರು ಎನ್ನುತ್ತದೆ ಅಧಿಕೃತ ವಿವರಣೆ. ವಿಮಾನ ಸಮುದ್ರಕ್ಕೆ ಬಿತ್ತು. ಮ್ಯಾಕಿ ಮತ್ತು ಜೆಫ್ರಿಯರ ದೇಹಗಳು ಮರುದಿನ ಸಿಕ್ಕವು. ಮಿಡಲ್‌ಟನ್ ಸಿಗಲಿಲ್ಲ.

ಅಂತ್ಯಕ್ರಿಯೆ ಮತ್ತು ಗೌರವಗಳು

ಎರಡು ತಿಂಗಳ ಬಳಿಕ, 1943ರ ಫೆಬ್ರುವರಿ 1ರಂದು ಮಿಡಲ್‌ಟನ್‌ನ ದೇಹ ಡೋವರ್ ಬಳಿಯ ಶೇಕ್ಸ್‌ಪಿಯರ್ ಬೀಚ್‌ನಲ್ಲಿ ದಡ ಸೇರಿತು. ಸಫೋಕ್‌ನ ಬೆಕ್ ರೋ ಹಳ್ಳಿಯ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಪೂರ್ಣ ಸೇನಾ ಗೌರವದೊಂದಿಗೆ ಮಣ್ಣು ಮಾಡಲಾಯಿತು. ತಾನು ಹಾರುತ್ತಿದ್ದ ನೆಲೆಯ ಸೀಮೆಯಲ್ಲೇ ಆತನ ಸಮಾಧಿ ಇದೆ.

ವಿಕ್ಟೋರಿಯಾ ಕ್ರಾಸ್ ಘೋಷಣೆಯಾದದ್ದು 1943ರ ಜನವರಿ 15ರಂದು, ದೇಹ ಸಿಗುವ ಮೊದಲೇ. 1856ರಲ್ಲಿ ಸ್ಥಾಪಿತವಾದ ಈ ಪದಕ ಶತ್ರುವಿನೆದುರು ತೋರಿದ ಶೌರ್ಯಕ್ಕೆ ಬ್ರಿಟಿಷ್ ಪದ್ಧತಿಯಲ್ಲಿ ಸಲ್ಲುವ ಅತ್ಯುನ್ನತ ಗೌರವ. ಸ್ವತಂತ್ರ ಭಾರತದಲ್ಲಿ ಪರಮವೀರ ಚಕ್ರಕ್ಕೆ ಇರುವ ಸ್ಥಾನ ಅದಕ್ಕಿದೆ. ಫ್ಲೈಟ್ ಸಾರ್ಜೆಂಟ್ ಆಗಿ ಹಾರಿದ್ದ ಮಿಡಲ್‌ಟನ್‌ಗೆ ಸಾವಿಗಿಂತ ಹಿಂದಿನ ದಿನಾಂಕದಿಂದ ಜಾರಿಯಾಗುವಂತೆ ಪೈಲಟ್ ಆಫೀಸರ್ ದರ್ಜೆಯೂ ದೊರೆಯಿತು. ಬದುಕಿ ಬಂದ ಐವರಿಗೂ ಶೌರ್ಯ ಪದಕಗಳು ಸಂದವು. ಮಿಡಲ್‌ಟನ್‌ನ ಪದಕ ಇಂದು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲಿದೆ.

ಇದೇ ಬಗೆಯ ಇತರ ಸಾಹಸಗಳು

ತಮ್ಮವರನ್ನು ಉಳಿಸಲು ವಿಮಾನದಲ್ಲೇ ಉಳಿದ ನಾಯಕರು ಬಾಂಬರ್ ಕಮಾಂಡಿನಲ್ಲಿ ಇನ್ನೂ ಇದ್ದರು. ಮಿಡಲ್‌ಟನ್‌ಗಿಂತ ಆರು ತಿಂಗಳ ಹಿಂದೆ, 1942ರ ಮೇ 30ರ ರಾತ್ರಿ, ಕೊಲೋನ್ ದಾಳಿಯಿಂದ ಮರಳುತ್ತಿದ್ದ ಲೆಸ್ಲಿ ಮ್ಯಾನ್ಸರ್ ಜಖಂಗೊಂಡ ವಿಮಾನವನ್ನು ಜೊತೆಗಾರರು ಹಾರುವವರೆಗೆ ಹಿಡಿದು ನಿಲ್ಲಿಸಿ ಮಡಿದ. ಅವನು ಹುಟ್ಟಿದ್ದು ನವದೆಹಲಿಯಲ್ಲಿ. ಸ್ಟರ್ಲಿಂಗ್ ವಿಮಾನದ ಚಾಲಕರಿಗೆ ಸಂದ ವಿಕ್ಟೋರಿಯಾ ಕ್ರಾಸ್‌ಗಳು ಎರಡೇ, ಎರಡೂ ಟ್ಯುರಿನ್ ದಾಳಿಗೆ ಸಂಬಂಧಿಸಿದವು: ಮಿಡಲ್‌ಟನ್‌ನದು ಒಂದು, 1943ರ ಆಗಸ್ಟ್‌ನಲ್ಲಿ ಮುಖಕ್ಕೆ ಭಾರೀ ಗಾಯವಾಗಿದ್ದರೂ ತಂಡವನ್ನು ಅಲ್ಜೀರಿಯದ ಬೋನ್ ತಲುಪಲು ನೆರವಾಗಿ ಅಲ್ಲೇ ತೀರಿಕೊಂಡ ಆರ್ಥರ್ ಆರನ್‌ನದು ಇನ್ನೊಂದು.

ಮಿಡಲ್‌ಟನ್‌ನಿಂದ ಬದುಕುಳಿದ ಗನ್ನರ್‌ಗಳಲ್ಲಿ ಒಬ್ಬನಾದ ಡಗ್ಲಸ್ ಕ್ಯಾಮೆರಾನ್ ಮತ್ತೆ ಯುದ್ಧಕ್ಕೆ ಹಾರಿದ. 1944ರ ಆಗಸ್ಟ್ 4ರಂದು ಫ್ರಾನ್ಸಿನ ಮೇಲೆ ಆತನ ನಾಯಕನಾಗಿದ್ದವನು ಇಯಾನ್ ಬಜಾಲ್ಗೆಟ್. ಹಾರಲಾಗದ ಸ್ಥಿತಿಯಲ್ಲಿದ್ದ ಇಬ್ಬರನ್ನು ಉಳಿಸಲು ಉರಿಯುವ ವಿಮಾನವನ್ನು ನೆಲಕ್ಕಿಳಿಸಿ ಬಜಾಲ್ಗೆಟ್ ಸತ್ತ. ಅವನಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಕ್ಯಾಮೆರಾನ್ ಅಂದೂ ಬದುಕಿ ಉಳಿದ.

ಮೌಲ್ಯಮಾಪನ

ನಗರಗಳ ಮೇಲಿನ ಬಾಂಬ್ ದಾಳಿಯ ನ್ಯಾಯಾನ್ಯಾಯಗಳ ಚರ್ಚೆ ಇಂದಿಗೂ ಮುಗಿದಿಲ್ಲ. 1942ರ ಶರತ್ಕಾಲದ ದಾಳಿಗಳ ಬಳಿಕ ಟ್ಯುರಿನ್‌ನಿಂದ ಜನ ದೊಡ್ಡ ಸಂಖ್ಯೆಯಲ್ಲಿ ಊರು ಬಿಟ್ಟರು. 1943ರ ಮಾರ್ಚ್‌ನಲ್ಲಿ ಫಿಯೆಟ್ ಕಾರ್ಖಾನೆಗಳಲ್ಲಿ ಕಾರ್ಮಿಕರ ಮುಷ್ಕರ ಶುರುವಾಗಿ ಮುಸೊಲಿನಿಯ ಆಡಳಿತವನ್ನು ಅಲುಗಿಸಿತು. ಅದೇ ವರ್ಷದ ಸೆಪ್ಟೆಂಬರ್ 8ರಂದು ಇಟಲಿಯ ಶರಣಾಗತಿ ಪ್ರಕಟವಾಯಿತು. ಇದಕ್ಕೆ ತೆತ್ತ ಬೆಲೆಯಲ್ಲಿ ಯುದ್ಧಕಾಲದ ಬಾಂಬುಗಳಿಗೆ ಬಲಿಯಾದ ಟ್ಯುರಿನ್‌ನ 2,000ಕ್ಕೂ ಹೆಚ್ಚು ನಾಗರಿಕರೂ ಸೇರಿದ್ದಾರೆ. ಮಿಡಲ್‌ಟನ್‌ನ ಶೌರ್ಯವನ್ನು ನೆನೆಯುವಾಗ ಆ ಸಾವುಗಳನ್ನು ಮರೆಯಬೇಕಾಗಿಲ್ಲ, ಮರೆಯಲೂ ಬಾರದು.

ಆ ರಾತ್ರಿಯ ದಾಳಿಯಲ್ಲಿ ಬಾಂಬುಗಳನ್ನು ಹಾಕಿದವನು ಹೈಡರ್. ಮಿಡಲ್‌ಟನ್‌ನ ಹೆಸರು ಉಳಿದಿರುವುದು ಮುಖ್ಯವಾಗಿ ಬಾಂಬು ಬಿದ್ದ ಮೇಲಿನ ನಾಲ್ಕು ಗಂಟೆಗಳಿಂದ. ಆ ನಾಲ್ಕು ಗಂಟೆಗಳಲ್ಲಿ ಅವನು ಯಾರನ್ನೂ ಕೊಲ್ಲಲು ಹೊರಟಿರಲಿಲ್ಲ. ತನ್ನ ಪಾಲಿಗೆ ಒಪ್ಪಿಸಿದ ಏಳು ಜನರನ್ನು ಮನೆಗೆ ಮುಟ್ಟಿಸಲು ಹೊರಟಿದ್ದ. ಆಸ್ಟ್ರೇಲಿಯದ ಬಯಲಿನಿಂದ ಬಂದ ಕುರಿ ಕಾಯುವ ಯುವಕನ ಹಿರಿಮೆ ಇರುವುದು ಇಲ್ಲಿ. ಅವನನ್ನು ನೆನೆಯುವವರು ಅವನೊಡನೆ ಕೊನೆಯವರೆಗೆ ಉಳಿದ ಜಾನ್ ಮ್ಯಾಕಿ ಮತ್ತು ಜೇಮ್ಸ್ ಜೆಫ್ರಿಯರ ಹೆಸರುಗಳನ್ನೂ ಸೇರಿಸಿಯೇ ನೆನೆಯಬೇಕು.